ಬುಗುರಿಯ ಸರದಿ

ಮಗುವನ್ನು ಶಾಲೆಯ ವ್ಯಾನಿನಲ್ಲಿ ಮರೆತರು. ವ್ಯಾನು ಶಾಲೆಯ ಹಿಂದಿನ ಗೋಡೆಯ ಪಕ್ಕ ಬಿಸಿಲಲ್ಲಿ ನಿಂತಿತ್ತು. ಗಾಜುಗಳನ್ನು ಏರಿಸಲಾಗಿತ್ತು. ಮಧ್ಯಾಹ್ನ ಮಕ್ಕಳನ್ನು ಮನೆಗೆ ಬಿಡಲೆಂದು ಡ್ರೈವರ್ ಬಾಗಿಲು ಎಳೆದಾಗ, ಮಗು ಹಿಂದಿನ ಸೀಟಿನ ಕೆಳಗೆ ತನ್ನ ಚೀಲದ ಮೇಲೆ ತಲೆಯಿಟ್ಟು ಮಲಗಿತ್ತು. ಎಬ್ಬಿಸಿದರೆ ಏಳಲಿಲ್ಲ.

ಶಾಲೆಯ ಮುಂದಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ‘ಇಲ್ಲಿ ಇಡೀ ಮಗುವಿಗೆ ಜಾಗವಿದೆ’ ಎಂದು ಬರೆದಿತ್ತು.

ಆ ಮಾತು ಮಿಸ್‌ನದು. ದೊಡ್ಡ ಮಿಸ್ ಶಾಲೆ ಕಟ್ಟಿದವರು, ನಡೆಸುವವರು; ಆದರೆ ಗೋಡೆಗೆ ಮಾತು ಕೊಟ್ಟವಳು ಪುಟಾಣಿಗಳ ಕೋಣೆಯ ಈ ಮಿಸ್. ಹೊಸದಾಗಿ ಸೇರಿಸಲು ಬರುವ ತಂದೆತಾಯಿಗಳಿಗೆಲ್ಲ ಅವಳು ಒಂದೇ ಪಾಠ ಒಪ್ಪಿಸುತ್ತಿದ್ದಳು: “ನೋಡಿ, ಮಗು ಅಂದ್ರೆ ಎರಡು ಕಾಲಿನ ಮೇಲೆ ಇಟ್ಟಿರೋ ತಲೆ ಅಲ್ಲ. ಹಸಿವು, ನಿದ್ದೆ, ಸಿಟ್ಟು, ರಾತ್ರಿ ನೀವಿಬ್ರೂ ಆಡಿದ ಜಗಳ, ಎಲ್ಲಾ ಹೊತ್ಕೊಂಡು ಇಡೀ ಮಗು ಬರುತ್ತೆ ಇಲ್ಲಿಗೆ. ತಲೆ ಮಾತ್ರ ಒಳಗೆ ಬಾ, ಮಿಕ್ಕಿದ್ದೆಲ್ಲ ಚಪ್ಪಲಿ ಜೊತೆ ಹೊರಗಿರು ಅಂತ ನಾವು ಹೇಳಲ್ಲ.” ಜಗಳದ ಮಾತು ಬಂದಾಗ ಗಂಡಹೆಂಡಿರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮಿಸ್‌ಗೆ ಅದನ್ನು ನೋಡುವುದೇ ಒಂದು ಖುಷಿ.

ಕೋಣೆಯೂ ಆ ಮಾತಿಗೆ ತಕ್ಕಂತೆಯೇ ಇತ್ತು. ಮಕ್ಕಳ ಮೊಣಕಾಲೆತ್ತರಕ್ಕೆ ನಲ್ಲಿ, ಜೇಡಿಮಣ್ಣಿನ ತೊಟ್ಟಿ, ಸುರಿದಾಡಲು ನೀರಿನ ಟಬ್ಬು. ಒಂದು ಮೂಲೆಯಲ್ಲಿ ಹಳೆ ಬಟ್ಟೆ ತುಂಬಿದ ಗೋಣಿಚೀಲ ತೂಗುತ್ತಿತ್ತು. ಸಿಟ್ಟು ಬಂದವರು ಹೋಗಿ ಅದಕ್ಕೆ ನಾಲ್ಕು ಬಾರಿಸಿ ಬರಬಹುದು. ನಾಲಿಗೆಯ ಖಾರಕ್ಕೆ ‘ಮೆಣಸಿನಕಾಯಿ’ ಎಂದು ಹೆಸರಾಗಿದ್ದ ಹುಡುಗಿಯೊಬ್ಬಳು ಆ ಚೀಲಕ್ಕೆ ದೊಡ್ಡ ಮಿಸ್ ಅಂತಲೇ ಹೆಸರಿಟ್ಟು ಗುದ್ದುತ್ತಿದ್ದಳು. ದೊಡ್ಡ ಮಿಸ್‌ಗೂ ಗೊತ್ತಿತ್ತು. “ಇವತ್ತು ನಂಗೆ ಎಷ್ಟು ಬಿತ್ತೇ?” ಎಂದು ಕೇಳಿ ನಗುತ್ತಿದ್ದರು.

ಬೆಳಗ್ಗೆ ಎಲ್ಲಕ್ಕಿಂತ ಮೊದಲು ಚಾಪೆಯ ಮೇಲೆ ದುಂಡಗೆ ಕೂರುವುದು. ಅಲ್ಲಿ ಹಾಜರಿ ಕೂಗಿದರೆ ‘ಪ್ರೆಸೆಂಟ್ ಮಿಸ್’ ಎನ್ನುವಂತಿಲ್ಲ. ಪ್ರತಿ ಮಗುವಿಗೂ ತಾನೇ ಆರಿಸಿಕೊಂಡ ಒಂದು ಗುರುತು. ಒಬ್ಬ ಬೆಕ್ಕಿನ ಹಾಗೆ ಕೂಗುತ್ತಾನೆ, ಒಬ್ಬಳು ನೆಲ ಗುದ್ದುತ್ತಾಳೆ, ಇನ್ನೊಬ್ಬ ಬರೀ ಕಣ್ಣು ಮಿಟುಕಿಸಿ ನಾಚುತ್ತಾನೆ. ವ್ಯಾನಿನಲ್ಲಿ ಮರೆತ ಈ ಮಗುವಿನ ಗುರುತು ಎದ್ದುನಿಂತು ಗಿರ್ರನೆ ಒಂದು ಸುತ್ತು ತಿರುಗಿ ದೊಪ್ಪನೆ ಕೂರುವುದು. ಅದರಿಂದಲೇ ಅವನು ಬುಗುರಿ.

“ಮಿಸ್, ನಾನು ಸುತ್ತಿದ್ರೆ ಗೋಡೆ ಯಾಕೆ ಸುತ್ತುತ್ತೆ?” ಎಂದು ಒಮ್ಮೆ ಕೇಳಿದ್ದ.

“ಅದಕ್ಕೂ ನಿನ್ನ ಜೊತೆ ಆಡೋ ಆಸೆ ಕಣೋ.”

“ಮತ್ತೆ ನಾನು ಕೂತಾಗ ಯಾಕೆ ನಿಂತ್ಬಿಡುತ್ತೆ?”

“ನೀನಿಲ್ದೆ ಅದೊಂದೇ ಆಡಕ್ಕೆ ಬೇಜಾರಲ್ವಾ?”

ಅಂದಿನಿಂದ ಬುಗುರಿ ಮನೆಗೆ ಹೋಗುವ ಮುನ್ನ ಗೋಡೆಗೆ ಟಾಟಾ ಮಾಡುವುದನ್ನು ಕಲಿತ.

ಇನ್ನೊಂದು ಪದ್ಧತಿಯಿತ್ತು. ಯಾವುದಾದರೂ ಮಗು ಬಾರದ ದಿನ ಅದರ ಜಾಗ ಖಾಲಿ ಬಿಡುವುದು; ಹೆಸರು ಕೂಗುವುದು; ಪಕ್ಕದಲ್ಲಿ ಕೂತ ಮಗು ಎದ್ದು ಅದರ ಗುರುತನ್ನು ಮಾಡುವುದು. ಜ್ವರ ಬಂದು ಮನೆಯಲ್ಲಿ ಮಲಗಿದವನ ಬೆಕ್ಕಿನ ಕೂಗು ಚಾಪೆಯ ಮೇಲೆ ಕೇಳಿಸಬೇಕು. ಬಾರದವರನ್ನು ಮರೆಯಬಾರದು ಎಂಬುದನ್ನು ಬಾಯಲ್ಲಿ ಹೇಳಿದರೆ ಮಕ್ಕಳಿಗೆ ತಿಳಿಯುವುದಿಲ್ಲ, ಮೈಯಲ್ಲಿ ಮಾಡಿದರೆ ತಿಳಿಯುತ್ತದೆ ಎಂದು ಮಿಸ್ ನಂಬಿದ್ದಳು. ಆಮೇಲೆ ಅವಳು ಆಫೀಸಿನ ಕಿಟಕಿಗೆ ಹೋಗಿ “ಇವತ್ತು ಇಂಥವರು ಬಂದಿಲ್ಲ” ಎಂದು ಹೇಳುತ್ತಿದ್ದಳು. ಗುಮಾಸ್ತೆ ಆ ಮನೆಗೆ ಫೋನ್ ಮಾಡುತ್ತಿದ್ದಳು. ಇದು ದಿನದ ಕೆಲಸ, ಹಲ್ಲುಜ್ಜಿದಷ್ಟೇ ಸಹಜ.

ಆ ದಿನ ಶಾಲೆ ನೋಡಲು ದೊಡ್ಡವರು ಬರುವವರಿದ್ದರು. ಬೇರೆ ಶಾಲೆಗಳ ಮುಖ್ಯಸ್ಥರು, ತರಬೇತಿ ಕೊಡುವವರು, ಕ್ಯಾಮೆರಾ ಹಿಡಿದ ಒಬ್ಬ. ನೆಲ ಕನ್ನಡಿಯಾಗಬೇಕೆಂದು ದೊಡ್ಡ ಮಿಸ್ ಬೆಳಗ್ಗೆ ವ್ಯಾನು ಮಕ್ಕಳನ್ನು ಕರೆತರಲು ಹೊರಡುವ ಮೊದಲೇ ಆಯಾಳನ್ನು ಅದರಿಂದ ಇಳಿಸಿ ಕೈಗೆ ಒರಸುವ ಬಟ್ಟೆ ಕೊಟ್ಟರು. ಆಯಾ ವ್ಯಾನಿನ ಹಿಂದಿನ ಸೀಟಿನವಳು. ಒಬ್ಬೊಬ್ಬರ ತಲೆ ಮುಟ್ಟಿ ಕೆಳಗಿಳಿಸಿ, ಕೊನೆಗೆ ಸೀಟಿನ ಕೆಳಗೆ ಬಗ್ಗಿ ನೋಡಿ, ಬಿದ್ದ ಬಾಟಲಿ ಟೋಪಿ ಎತ್ತಿಕೊಂಡು ತಾನಿಳಿಯುವವಳು. ಅಂದು ಡ್ರೈವರ್ ಒಬ್ಬನೇ. ಅವನು ಬಾಗಿಲು ತೆಗೆದ, ಮಕ್ಕಳು ಕೋಳಿಮರಿಗಳ ಹಾಗೆ ದುಡುದುಡು ಇಳಿದು ಓಡಿದವು. ಅವನು ಬಾಗಿಲು ಎಳೆದ. ಬಂದವರ ಕಾರುಗಳಿಗೆ ಜಾಗ ಬೇಕೆಂದು ವ್ಯಾನನ್ನು ಹಿಂದಿನ ಗೋಡೆಗೆ ಹಚ್ಚಿದ.

ಚಾಪೆಯ ಸುತ್ತ ದೊಡ್ಡವರು ಗೋಡೆಗೊರಗಿ ನಿಂತರು. ಮಿಸ್ ಕೂಗಿದಳು: “ನಮ್ಮ ಬುಗುರಿ ಎಲ್ಲಿ?”

ಜಾಗ ಖಾಲಿ. ಪಕ್ಕದ ಮೆಣಸಿನಕಾಯಿ ಎದ್ದಳು. ಬಂದವರನ್ನೆಲ್ಲ ಒಮ್ಮೆ ಗಂಭೀರವಾಗಿ ನೋಡಿ, ಲಂಗ ಹಿಡಿದು, ಗಿರ್ರನೆ ಸುತ್ತಿ ದೊಪ್ಪನೆ ಕೂತಳು.

“ಬಾರದ ಮಗುವಿಗೂ ನಮ್ಮಲ್ಲಿ ಜಾಗ ಇದೆ,” ಎಂದು ಮಿಸ್ ವಿವರಿಸಿದಳು. ಬಂದವರಲ್ಲಿ ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು, ಮಕ್ಕಳೂ ತಟ್ಟಿದವು. ಚಪ್ಪಾಳೆ ಹಿಂದಿನ ಗೋಡೆಯವರೆಗೂ ಕೇಳಿಸಿರಬೇಕು.

ಆಮೇಲೆ ಪ್ರಶ್ನೆಗಳು ಶುರುವಾದವು. ಗೋಣಿಚೀಲದ ಕತೆ ಹೇಳಿ, ಜೇಡಿಮಣ್ಣಿನ ಕತೆ ಹೇಳಿ. ಮಿಸ್ ಹೇಳಿದಳು. ಚೆನ್ನಾಗಿಯೇ ಹೇಳಿದಳು. ಕಿಟಕಿಗೆ ಹೋಗಲಿಲ್ಲ.

ಶಾಲೆ ಕೆಲವು ದಿನ ಮುಚ್ಚಿತು. ಪೊಲೀಸರು ಡ್ರೈವರನ್ನು ಹಿಡಿದುಕೊಂಡು ಹೋದರು. ಮಗು ಹೋದ ದಿನದ ಸಂಜೆಯೇ ಮಿಸ್ ದೊಡ್ಡ ಮಿಸ್‌ನ ಕೋಣೆಗೆ ಹೋಗಿ, “ನಾನು ಕಿಟಕಿಗೆ ಹೇಳ್ಲಿಲ್ಲ. ಹೇಳಿದ್ರೆ ಬದುಕ್ತಿದ್ದ” ಎಂದಳು. ದೊಡ್ಡ ಮಿಸ್‌ನ ಕಣ್ಣುಗಳು ಊದಿದ್ದವು. ಎದ್ದು ಬಂದು ಅವಳ ಬಾಯಿಯ ಮೇಲೆ ಕೈಯಿಟ್ಟು, “ಇದನ್ನ ಇನ್ಯಾರಿಗೂ ಹೇಳ್ಬೇಡ. ಎಲ್ಲಾ ನಾನು ನೋಡ್ಕೋತೀನಿ” ಎಂದರು. ಆ ಕೈ ತಣ್ಣಗಿತ್ತು. ಮಿಸ್ ಅದನ್ನು ಕರುಣೆಯೆಂದೇ ತಿಳಿದಳು.

ಮನೆಯಲ್ಲಿ ಮಿಸ್‌ನ ಅಕ್ಕ ತಟ್ಟೆ ಮುಂದಿಟ್ಟು ಗದರಿದಳು. “ನಾಲ್ಕು ತುತ್ತು ತಿನ್ನೇ. ನೀನು ಉಪವಾಸ ಬಿದ್ರೆ ಹೋದ ಮಗು ಬರುತ್ತಾ?”

“ಅವರ ಮನೆಗೆ ಹೋಗ್ಬೇಕು ಅಕ್ಕ.”

“ಯಾವ ಮುಖ ಇಟ್ಕೊಂಡು ಹೋಗ್ತೀಯ?”

“ಇದೇ ಮುಖ. ಬೇರೆ ಎಲ್ಲಿಂದ ತರ್ಲಿ?”

ಹೋದಳು. ಬುಗುರಿಯ ವಸ್ತುಗಳು ಕೋಣೆಯಲ್ಲಿ ಉಳಿದಿದ್ದವು: ಒದ್ದೆಯಾದರೆ ಹಾಕಲೆಂದು ಕೊಟ್ಟ ಚಡ್ಡಿ ಅಂಗಿ, ತಾನೇ ಮಾಡಿ ‘ಇದು ಅಮ್ಮ’ ಎಂದು ಹೇಳಿದ್ದ ಜೇಡಿಮಣ್ಣಿನ ಒಂದು ಉಂಡೆ. ಅಮ್ಮನಿಗೆ ಮೂಗಿರಲಿಲ್ಲ, ಎರಡು ದೊಡ್ಡ ಕಿವಿಗಳಿದ್ದವು. ಮಿಸ್ ಅದನ್ನು ಕರವಸ್ತ್ರದಲ್ಲಿ ಸುತ್ತಿ ಒಯ್ದಳು.

ಕಿರಿದಾದ ಬೀದಿ, ಮೆಟ್ಟಿಲಡಿಯ ಒಂದು ಕೋಣೆಯ ಮನೆ. ತಾಯಿ ನೆಲದ ಮೇಲೆ ಕೂತಿದ್ದಳು. ಬಟ್ಟೆ ಕಾರ್ಖಾನೆಯಲ್ಲಿ ಕಾಲರು ಹೊಲಿಯುವವಳು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು. ಮಡಿಲಲ್ಲಿ ಫೋನು. ಅದನ್ನು ಆಫ್ ಮಾಡುತ್ತಿದ್ದಳು, ಆನ್ ಮಾಡುತ್ತಿದ್ದಳು, ಮತ್ತೆ ಆಫ್ ಮಾಡುತ್ತಿದ್ದಳು. ಅತ್ತೆ ಬಾಗಿಲ ಬಳಿ ಗೋಡೆಗೆ ತಲೆ ಕೊಟ್ಟು ಕೂತಿದ್ದಳು.

“ಬನ್ನಿ ಮಿಸ್,” ಎಂದಳು ತಾಯಿ. “ಕೂತ್ಕೊಳ್ಳಿ. ನಿಮ್ಮ ಹೆಸರು ಹೇಳ್ದೆ ಅವನು ಊಟ ಮಾಡಿದ್ದಿಲ್ಲ. ಮಿಸ್ ಹಿಂಗಂದ್ರು, ಮಿಸ್ ಹಂಗಂದ್ರು. ಗೋಡೆಗೆಲ್ಲ ಟಾಟಾ ಮಾಡ್ತಿದ್ದ.”

ಮಿಸ್ ಕೂತಳು. ಹೇಳಬೇಕೆಂದು ದಾರಿಯುದ್ದಕ್ಕೂ ಪೋಣಿಸಿಕೊಂಡು ಬಂದ ಮಾತನ್ನು ಅವಳು ತೆಗೆಯುವ ಮೊದಲೇ ತಾಯಿ ಕೇಳಿದಳು.

“ಮಿಸ್, ಒಂದು ಕೇಳ್ಲಾ? ಎಷ್ಟು ಸಲ ಮಾಡಿದ್ರಿ?”

“ಏನಮ್ಮಾ?”

“ಫೋನು. ದೊಡ್ಡ ಮಿಸ್ ಬಂದಿದ್ರು. ಮಗು ಬಂದಿಲ್ಲ ಅಂತ ಬೆಳಗ್ಗೇನೇ ಮಾಡಿದ್ವಿ, ಮಾಡ್ತಾನೇ ಇದ್ವಿ, ಸ್ವಿಚ್ ಆಫ್ ಬಂತು ಅಂದ್ರು. ನಮ್ಮ ಫ್ಯಾಕ್ಟ್ರೀಲಿ ಬಾಗಿಲಲ್ಲೇ ಆಫ್ ಮಾಡಿಸಿ ಡಬ್ಬಿಗೆ ಹಾಕಿಸ್ಕೋತಾರೆ ಮಿಸ್. ಊಟಕ್ಕೆ ಬಿಟ್ಟಾಗಲೂ ಕೊಡಲ್ಲ. ಸೂಪರ್‌ವೈಸರ್ ಕಾಲಿಗೆ ಬಿದ್ದಾದ್ರೂ ಇಸ್ಕೋಬೇಕಿತ್ತು. ಇಸ್ಕೊಂಡು ಒಂದ್ಸಲ ಆನ್ ಮಾಡಿದ್ರೆ...” ಅವಳು ಮತ್ತೆ ಗುಂಡಿ ಒತ್ತಿದಳು. ಪರದೆ ಬೆಳಗಿತು. “ಆಫ್ ಇದ್ದಾಗ ಬಂದಿದ್ದು ಎಲ್ಲೂ ಕಾಣ್ಸಲ್ವಂತೆ. ಎಷ್ಟು ಸಲ ಅಂತ ಗೊತ್ತಾದ್ರೆ ಸಾಕು.”

ಬಾಗಿಲ ಬಳಿಯಿಂದ ಅತ್ತೆ ಗೋಡೆಗೆ ಹೇಳುವಂತೆ ಹೇಳಿದಳು: “ಫೋನಂತೆ ಫೋನು. ಹೆತ್ತವಳಿಗೆ ಊಟದ ಹೊತ್ತಲ್ಲೂ ಮಗು ನೆನಪಾಗ್ಲಿಲ್ಲ. ಶಾಲೆಯವರು ಬಡ್ಕೋತಾನೇ ಇದ್ರಂತೆ, ಈ ಮಹಾತಾಯಿ ಕಾಲರ್ ಹೊಲೀತಾ ಕೂತಿದ್ಲು.”

“ಹೌದು ಅತ್ತೆ,” ಎಂದಳು ತಾಯಿ. ಒಪ್ಪಿಕೊಂಡೇ ಹೇಳಿದಳು. ಅದರಲ್ಲಿ ಜಗಳವಿರಲಿಲ್ಲ.

ಬಾಯಿಯ ಮೇಲೆ ಬಂದ ಆ ತಣ್ಣನೆಯ ಕೈ ಯಾರನ್ನು ಕಾಪಾಡಲು ಬಂದಿತ್ತೆಂದು ಮಿಸ್‌ಗೆ ಆಗ ತಿಳಿಯಿತು. ಇಲ್ಲಮ್ಮಾ, ಯಾರೂ ಮಾಡಲಿಲ್ಲ ಎನ್ನಬೇಕಿತ್ತು. ಎರಡೇ ಮಾತು. ಅದರ ಬದಲು ಅವಳು ಕರವಸ್ತ್ರ ಬಿಚ್ಚಿ ಮಣ್ಣಿನ ಅಮ್ಮನನ್ನು ನಿಜವಾದ ಅಮ್ಮನ ಕೈಯಲ್ಲಿಟ್ಟಳು.

ತಾಯಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಕಿವಿ ಇಷ್ಟು ದೊಡ್ಡದು ಮಾಡಿದ್ದಾನೆ,” ಎಂದಳು. “ಆದ್ರೂ ಕೇಳಿಸ್ಲಿಲ್ಲ ನೋಡಿ ನಂಗೆ.”



ಶಾಲೆ ಮತ್ತೆ ತೆರೆದ ಬೆಳಗ್ಗೆ ಚಾಪೆ ಹಾಸಿತ್ತು. ಕೆಲವು ಮಕ್ಕಳು ಬಂದಿರಲಿಲ್ಲ. ಬಂದವು ತಾವಾಗಿಯೇ ದುಂಡಗೆ ಕೂತವು, ಬುಗುರಿಯ ಜಾಗ ಬಿಟ್ಟು. ಆಯಾ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ಮಿಸ್ ಒಬ್ಬೊಬ್ಬರ ಹೆಸರು ಕೂಗುತ್ತ ಬಂದಳು. ಬೆಕ್ಕು ಕೂಗಿತು, ನೆಲ ಸದ್ದಾಯಿತು. ಆ ಜಾಗ ಬಂದಾಗ ದಾಟಿಹೋಗಲಾಗಲಿಲ್ಲ. ಹೆಸರು ಹೇಳಿದಳು.

ಎಲ್ಲ ಮಕ್ಕಳೂ ಮೆಣಸಿನಕಾಯಿಯ ಕಡೆ ನೋಡಿದವು. ಅವಳು ಎರಡೂ ಕೈಯನ್ನು ತೊಡೆಯ ಕೆಳಗೆ ತುರುಕಿ ಕೂತಿದ್ದಳು.

“ನಾನು ಮಾಡಲ್ಲ.”

“ಮಾಡ್ಬೇಡ ಬಿಡು ಪುಟ್ಟಿ,” ಎಂದಳು ಮಿಸ್.

“ಅವತ್ತು ನಾನು ಮಾಡ್ದೆ, ಅದಕ್ಕೇ ಅವನು ಬರ್ಲಿಲ್ಲ. ನಾನು ಮಾಡ್ದೇ ಇದ್ರೆ ಅವನೇ ಬಂದು ಮಾಡ್ತಿದ್ದ.”

ಮಿಸ್ ಎದ್ದು ಹೋಗಿ ಅವಳ ಮುಂದೆ ಮಂಡಿಯೂರಿ ಕೂತಳು.

“ಇಲ್ಲ ಕಂದಾ. ನಿಂದೇನೂ ತಪ್ಪಿಲ್ಲ. ಅವನು ಬಂದಿಲ್ಲ ಅಂತ ನೀನು ನಂಗೆ ಸರಿಯಾಗೇ ಹೇಳಿದೆ. ನೋಡ್ಬೇಕಿದ್ದಿದ್ದು ನಾನು. ದೊಡ್ಡವರು.”

ಮೆಣಸಿನಕಾಯಿ ಅವಳ ಮುಖವನ್ನೇ ನೋಡಿದಳು. “ಹಂಗಾದ್ರೆ ಯಾಕೆ ನೋಡ್ಲಿಲ್ಲ?”

ಮಕ್ಕಳ ಯಾವ ಪ್ರಶ್ನೆಗೂ ಸುಳ್ಳು ಹೇಳಬಾರದೆಂದು ಬೇರೆಯವರಿಗೆ ಪಾಠ ಮಾಡಿದವಳು ಮಿಸ್. “ಬಂದವರು ನನ್ನ ಹೊಗಳ್ತಿದ್ರು. ನಾನು ಕೇಳ್ತಾ ನಿಂತ್ಕೊಂಡೆ,” ಎಂದಳು.

ಹುಡುಗಿ ಎದ್ದು ಗೋಣಿಚೀಲದ ಹತ್ತಿರ ಹೋಗಿ ಗುದ್ದತೊಡಗಿದಳು. ಯಾರ ಹೆಸರನ್ನೂ ಹೇಳಲಿಲ್ಲ. ಒಬ್ಬೊಬ್ಬರಾಗಿ ಉಳಿದ ಮಕ್ಕಳೂ ಎದ್ದುಹೋದವು. ಚೀಲದ ಹೊಲಿಗೆ ಬಿಟ್ಟು ಚಿಂದಿ ನೆಲಕ್ಕೆ ಸುರಿಯಿತು. ಮಿಸ್ ತಡೆಯಲಿಲ್ಲ.

ಮರುದಿನ ಪೋಷಕರ ಸಭೆ. ಅದಕ್ಕೆ ಮುಂಚೆ ದೊಡ್ಡ ಮಿಸ್ ಅವಳನ್ನು ಕರೆದು ಕದ ಹಾಕಿದರು.

“ಎಲ್ಲಾ ನಾನೇ ಮಾತಾಡ್ತೀನಿ. ನೀನು ಒಂದೇ ಒಂದು ಮಾತು ಹೇಳ್ಬೇಕು. ಮಗು ಬಂದಿಲ್ಲ ಅಂತ ಕಿಟಕಿಗೆ ತಿಳಿಸ್ದೆ, ನನ್ನೆದುರಿಗೇ ಫೋನ್ ಮಾಡಿದ್ರು ಅಂತ.”

“ಆ ತಾಯಿ ತಾನೇ ಕೊಂದೆ ಅಂದ್ಕೊಂಡಿದ್ದಾಳೆ.”

“ನಂಗೆ ಗೊತ್ತಿಲ್ವಾ? ನಾನೇನು ಕಲ್ಲಾ?” ದೊಡ್ಡ ಮಿಸ್‌ನ ದನಿ ಒಡೆಯಿತು. “ಆ ಹುಡುಗ ನನ್ನ ಕನ್ನಡಕ ಎಳೆದು ಹಾಕ್ಕೊಂಡು ಓಡ್ತಿದ್ದ. ಆದ್ರೆ ಯೋಚ್ನೆ ಮಾಡು. ಶಾಲೆ ಮುಚ್ಚಿಸ್ತಾರೆ. ನಮ್ಮ ಮಕ್ಕಳು ಎಲ್ಲಿಗೆ ಹೋಗ್ತವೆ? ಪಕ್ಕದ ಬೀದಿಯಲ್ಲಿದೆಯಲ್ಲ, ಬಾಯಿ ಮೇಲೆ ಬೆರಳಿಡಿಸಿ ಬೆತ್ತ ತೋರಿಸೋ ಶಾಲೆ, ಅಲ್ಲಿಗೆ. ಒಂದು ಮಗು ಹೋಯ್ತು. ಇದ್ದ ಮಕ್ಕಳನ್ನಾದ್ರೂ ಉಳಿಸ್ಕೊಳ್ಳೋಣ.”

“ಮತ್ತೆ ಡ್ರೈವರು?”

“ಅವನು ನೋಡ್ಬೇಕಿತ್ತು ತಾನೇ?”

“ಆಯಾನ ವ್ಯಾನಿಂದ ಇಳಿಸಿದ್ದು ನಾವು.”

ದೊಡ್ಡ ಮಿಸ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ತಾಯಿಯಂತೆ ಪ್ರೀತಿಯಿಂದಲೇ ಹೇಳಿದರು: “ಇಷ್ಟು ವರ್ಷ ನೀನು ಕೇಳಿದ್ದೆಲ್ಲ ಕೊಟ್ಟೆ. ಮಣ್ಣು ಅಂದೆ, ಮಣ್ಣು ತರಿಸ್ದೆ. ನೀರು ಅಂದೆ, ನೀರು. ಗೋಡೆ ಮೇಲೆ ನಿನ್ನ ಮಾತೇ ಬರೆಸ್ದೆ. ನಾನು ಕೇಳ್ತಿರೋದು ಇದೊಂದೇ. ಬರೀ ಹೂಂ ಅನ್ನು, ಸಾಕು.”

ಅವರ ಮಾತಿನಲ್ಲಿ ಸುಳ್ಳಿಗಿಂತ ನಿಜವೇ ಹೆಚ್ಚಿತ್ತು. ಬೆತ್ತದ ಶಾಲೆ ನಿಜ, ಮಣ್ಣು ನಿಜ, ಹುಡುಗ ಕನ್ನಡಕ ಎಳೆದದ್ದೂ ನಿಜ. ಇಷ್ಟೆಲ್ಲ ನಿಜಗಳನ್ನು ಗೋಡೆಯಂತೆ ಕಟ್ಟಿ, ಅದರ ಹಿಂದೆ, ಬಿಸಿಲಲ್ಲಿ, ಒಬ್ಬ ಹೆಂಗಸನ್ನು ನಿಲ್ಲಿಸಿದ್ದರು.

ಸಭೆ ಪುಟಾಣಿಗಳ ಕೋಣೆಯಲ್ಲೇ ನಡೆಯಿತು. ದೊಡ್ಡವರೆಲ್ಲ ಮಂಡಿ ಮಡಚಿ ಚಾಪೆಯ ಮೇಲೆ ದುಂಡಗೆ ಕೂತರು, ಅಲ್ಲಿ ಕುರ್ಚಿಗಳಿರಲಿಲ್ಲ. ಬುಗುರಿಯ ತಾಯಿ ಬಾಗಿಲ ಪಕ್ಕ ಕೂತಳು, ಮಡಿಲಲ್ಲಿ ಫೋನು. ಪಕ್ಕದಲ್ಲಿ ಅತ್ತೆ. ಅವರಿಬ್ಬರ ಎರಡೂ ಬದಿಗೆ ಸ್ವಲ್ಪ ಜಾಗ ಬಿಟ್ಟೇ ಉಳಿದವರು ಕೂತಿದ್ದರು.

ದೊಡ್ಡ ಮಿಸ್ ಚೆನ್ನಾಗಿ ಮಾತಾಡಿದರು. ದುಃಖ ಎಂದರು, ಕುಟುಂಬ ಎಂದರು, ಡ್ರೈವರನ ಬೇಜವಾಬ್ದಾರಿ ಎಂದರು. ಎದುರು ಬದಿಯ ಒಬ್ಬ ಅಪ್ಪ ಎದ್ದುನಿಂತ. “ಅದೆಲ್ಲ ಸರಿ ಮೇಡಂ. ಮಗು ಬಂದಿಲ್ಲ ಅಂತ ಗೊತ್ತಾದ ಮೇಲೆ ನೀವೇನು ಮಾಡಿದ್ರಿ?”

“ತಕ್ಷಣ ಮನೆಗೆ ಫೋನ್ ಮಾಡಿದ್ವಿ. ದುರದೃಷ್ಟ, ಆ ಕಡೆ ಆಫ್ ಆಗಿತ್ತು.”

ಎಲ್ಲರ ಕಣ್ಣೂ ಬಾಗಿಲ ಪಕ್ಕಕ್ಕೆ ತಿರುಗಿದವು. ಯಾರೋ ‘ಅಯ್ಯೋ’ ಎಂದು ನಾಲಿಗೆ ಲೊಚಗುಟ್ಟಿದರು. ಅತ್ತೆ ಮುಖ ಆಚೆ ತಿರುಗಿಸಿದಳು. ತಾಯಿ ಫೋನನ್ನು ಸೆರಗಿನೊಳಗೆ ಮುಚ್ಚಿಕೊಂಡಳು, ಕದ್ದ ವಸ್ತುವನ್ನು ಮುಚ್ಚಿಕೊಳ್ಳುವಂತೆ.

“ಬೇಕಾದ್ರೆ ಕೇಳಿ, ಅವನ ಮಿಸ್ಸೇ ಇದ್ದಾರೆ,” ಎಂದರು ದೊಡ್ಡ ಮಿಸ್. “ಹೇಳಿ ಮಿಸ್. ಕಿಟಕಿಗೆ ತಿಳಿಸಿದ್ರಿ ಅಲ್ವಾ?”

ಮಿಸ್ ಎದ್ದಳು. ನಿಂತದ್ದು ಚಾಪೆಯ ಯಾವ ಕಡೆಯಲ್ಲೆಂದು ಕೆಳಗೆ ನೋಡಿದಾಗ ತಿಳಿಯಿತು. ಅದು ಅವನು ಸುತ್ತುತ್ತಿದ್ದ ಜಾಗ.

“ಇಲ್ಲ,” ಎಂದಳು. “ನಾನು ಹೇಳ್ಲಿಲ್ಲ. ಯಾರೂ ಫೋನ್ ಮಾಡ್ಲಿಲ್ಲ.”

ದೊಡ್ಡ ಮಿಸ್ ನಗಲು ನೋಡಿದರು. “ಮಿಸ್ ತುಂಬಾ ನೊಂದಿದ್ದಾರೆ...”

“ಅಮ್ಮಾ,” ಎಂದು ಮಿಸ್ ನೇರ ಬಾಗಿಲ ಕಡೆಗೆ ಹೇಳಿದಳು, “ನಿಮ್ಮ ಫೋನಿಗೆ ಯಾರೂ ಮಾಡ್ಲಿಲ್ಲ. ಅದು ಆನ್ ಇದ್ದಿದ್ರೂ ಬಡ್ಕೋತಿರ್ಲಿಲ್ಲ. ಎಷ್ಟು ಸಲ ಅಂತ ಕೇಳಿದ್ರಲ್ಲ. ಒಂದು ಸಲಾನೂ ಇಲ್ಲ. ಅವತ್ತೇ ನಿಮ್ಮನೇಲೇ ಹೇಳ್ಬೇಕಿತ್ತು, ನನ್ನ ಬಾಯಿ ಬರ್ಲಿಲ್ಲ. ಆಯಾನ ವ್ಯಾನಿಂದ ಇಳಿಸಿ ನೆಲ ಒರೆಸಕ್ಕೆ ಹಚ್ಚಿದ್ದೂ ನಾವೇ.”

ತಾಯಿ ಎದ್ದಳು. ಕಣ್ಣಲ್ಲಿ ನೀರಿರಲಿಲ್ಲ. ಸೆರಗಿನಿಂದ ಫೋನು ಜಾರಿ ಚಾಪೆಯ ಮೇಲೆ ಬಿತ್ತು. ಅವಳು ಅದನ್ನು ನೋಡಲಿಲ್ಲ.

“ಅವನು ಬಂದಿಲ್ಲ ಅಂತ ನಿಮಗೆ ಗೊತ್ತಿತ್ತಾ ಮಿಸ್?”

“ಗೊತ್ತಿತ್ತು.”

“ಬೆಳಗ್ಗೇನೇ?”

“ಬೆಳಗ್ಗೇನೇ.”

“ಆಗ ಅವನು ಇನ್ನೂ...” ಮಾತು ಅಲ್ಲಿಗೆ ಕಡಿಯಿತು. ಅತ್ತೆ ಕೂತಲ್ಲಿಂದಲೇ ಸೊಸೆಯ ಸೀರೆಯ ಅಂಚು ಹಿಡಿದುಕೊಂಡಳು, ಅವಳು ಬಿದ್ದಾಳೆಂದೋ, ತಾನೇ ಬಿದ್ದೇನೆಂದೋ.

“ಸಾಕು,” ಎಂದರು ದೊಡ್ಡ ಮಿಸ್. ಆ ಕೋಣೆಯಲ್ಲಿ ಯಾವ ಮಗುವಿನ ಮೇಲೂ ಎಂದೂ ಎತ್ತದ ದನಿ ಅದು. “ಮಿಸ್, ಕೂತ್ಕೊಳ್ಳಿ. ಸುಮ್ನೆ ಕೂತ್ಕೊಳ್ಳಿ.”

“ಕೂರಲ್ಲ,” ಎಂದಳು ಮಿಸ್. “ಅವರು ಇನ್ನೂ ಕೇಳ್ತಾ ಇದ್ದಾರೆ.”